ಸೋರದ ಕೋಡಿ

ಸೋರುವುದನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ತುಮಕೂರಿನ ಶಿರಾ ಗೇಟ್ ಹತ್ತಿರ ನಾನು ಬಾಡಿಗೆಗಿದ್ದ ಕೋಣೆಯಲ್ಲಿ ನಲ್ಲಿ ತೊಟ್ಟಿಕ್ಕಿದರೆ ಊಟ ಬಿಟ್ಟು ಎದ್ದು ಹೋಗಿ ಅದಕ್ಕೆ ದಾರ ಸುತ್ತಿ ಬರುತ್ತಿದ್ದೆ. "ಕೆರೆ ಸಾಲ್ದು ಅಂತ ನಮ್ಮನೆ ನಲ್ಲಿಗೂ ಇಂಜಿನಿಯರ್ ಆಗವ್ರೆ" ಎಂದು ಮನೆಯ ಮಾಲೀಕರು ಚುಡಾಯಿಸುತ್ತಿದ್ದರು. ಈ ಸ್ವಭಾವ ನನ್ನ ಕೆಲಸಕ್ಕೆ ಹೇಳಿ ಮಾಡಿಸಿದ್ದು ಎಂದು ನಾನು ನಂಬಿದ್ದೆ. ಎಪ್ಪತ್ತರ ದಶಕದ ಕೊನೆಯ ಒಂದು ಕಾರ್ತಿಕ ಮಾಸದಲ್ಲಿ ಈ ನಂಬಿಕೆ ಒಂದು ಕೆರೆಯನ್ನು ಒಡೆಸಿಬಿಡುವುದರಲ್ಲಿತ್ತು.

ಆಗ ನಾನು ಸಣ್ಣ ಕೆರೆಗಳನ್ನು ನೋಡಿಕೊಳ್ಳುವ ಜೂನಿಯರ್ ಇಂಜಿನಿಯರ್. ಸೇರಿ ಒಂದು ವರ್ಷ ತುಂಬಿರಲಿಲ್ಲ. ಕಚೇರಿ ಗುಬ್ಬಿಯಲ್ಲಿ. ಗುಬ್ಬಿಗೂ ಬೆಳ್ಳಾವಿಗೂ ನಡುವಿನ ಹಳ್ಳಿಗಳ ಹದಿನಾಲ್ಕು ಕೆರೆಗಳು ನನ್ನ ಪಾಲಿಗೆ ಬಂದಿದ್ದವು. ಅವುಗಳಲ್ಲಿ ಒಂದರ ವಿಷಯ ಇದು. ಆ ಊರಿನ ಹೆಸರು ಇಲ್ಲಿ ಬೇಡ.

ದೊಡ್ಡ ಕೆರೆಯೇನಲ್ಲ. ಮಣ್ಣಿನ ಏರಿ, ನಡುವೆ ಗದ್ದೆಗೆ ನೀರು ಬಿಡುವ ತೂಬು, ಬಡಗಣ ತುದಿಯಲ್ಲಿ ಕೋಡಿ. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಏರಿಯನ್ನು ಹತ್ತದೆ ಹೊರಗೆ ಹೋಗಲೆಂದು ಕಲ್ಲಿನಲ್ಲಿ ಕಟ್ಟಿದ ತಗ್ಗು ಹಾದಿಯೇ ಕೋಡಿ. ಈ ಕೋಡಿಯ ನೆತ್ತಿಯ ಮೇಲೆ ಹನ್ನೆರಡು ಕಲ್ಲುಗಳನ್ನು ಸಾಲಾಗಿ ನೆಟ್ಟಿದ್ದರು. ಕಲ್ಲು ಕಲ್ಲಿನ ನಡುವೆ ಒಂದು ಮಾರು ಅಂತರ. ಆ ಅಂತರಕ್ಕೆ ಊರಿನವರು ಕಂಡಿ ಎನ್ನುತ್ತಿದ್ದರು. ಮಳೆಗಾಲ ಮುಗಿದು ದೀಪಾವಳಿ ಕಳೆದ ಮೇಲೆ ಆ ಹನ್ನೊಂದು ಕಂಡಿಗಳಿಗೆ ಮಣ್ಣು ತುಂಬಿ, ಕೆರೆಯಲ್ಲಿ ಇನ್ನೊಂದು ಮೊಳ ನೀರನ್ನು ಹೆಚ್ಚಾಗಿ ನಿಲ್ಲಿಸಿಕೊಳ್ಳುವುದು ಅಲ್ಲಿನ ರೂಢಿ. ಬೇಸಿಗೆಯ ಬೆಳೆಗೆ, ಎಳೆ ತೆಂಗಿನ ಸಸಿಗಳಿಗೆ ಆ ಒಂದು ಮೊಳವೇ ಆಧಾರ. ಇಲಾಖೆಯ ಕಾಗದದಲ್ಲಿ ಇದಕ್ಕೆ ಅವಕಾಶವಿಲ್ಲ. ಆದರೂ ಪ್ರತಿ ವರ್ಷ ನಡೆಯುತ್ತಿತ್ತು, ನನ್ನ ಹಿಂದಿನವರೆಲ್ಲ ಕಂಡೂ ಕಾಣದಂತೆ ಇದ್ದರು.

ಒಂದೊಂದು ಕಂಡಿ ಒಂದೊಂದು ಮನೆತನಕ್ಕೆ ಸೇರಿದ್ದು. ಅದನ್ನು ಆ ಮನೆಯವರೇ ತುಂಬಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ. ಮಳೆ ಬಂದು ನೀರೇ ಆ ಮಣ್ಣನ್ನು ತಳ್ಳಿಕೊಂಡು ಹೋದರೆ ಯಾರ ತಪ್ಪೂ ಅಲ್ಲ, ನೀರಿನ ಹಕ್ಕು ಹಾಗೇ ಉಳಿಯುತ್ತದೆ. ಆದರೆ ಶಿವರಾತ್ರಿಗೆ ಮುಂಚೆ ಯಾರಾದರೂ ಕೈಯಾರೆ ತಮ್ಮ ಕಂಡಿಯ ಮಣ್ಣು ತೆಗೆದರೆ ಆ ವರ್ಷದ ಬೇಸಿಗೆ ನೀರನ್ನು ಅವರಾಗಿಯೇ ಬಿಟ್ಟುಕೊಟ್ಟ ಹಾಗೆ. ಇದನ್ನೆಲ್ಲ ನನಗೆ ವಿವರಿಸಿ ಹೇಳಿದವರು ಆ ಕೆರೆಯ ನೀರುಗಂಟಿ. ತೂಬು ಎತ್ತಿ ಇಳಿಸುವುದು, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವುದು ಅವರ ಕೆಲಸ. ಅರವತ್ತು ದಾಟಿದ ಸಣಕಲು ಮನುಷ್ಯ, ಮಾತು ಕಡಿಮೆ. ನಾನು ಅವರನ್ನು ತಾತ ಎನ್ನುತ್ತಿದ್ದೆ. ಅವರು ನನ್ನನ್ನು ಸ್ವಾಮಿ ಎನ್ನುತ್ತಿದ್ದರು, ವಯಸ್ಸಿನಲ್ಲಿ ನಾನು ಅವರ ಮೊಮ್ಮಗನಂತಿದ್ದರೂ.

ಆ ವರ್ಷ ಕಂಡಿ ತುಂಬುವ ದಿನ ನಾನು ಅಲ್ಲಿಗೆ ಹೋದೆ. ಸುಮ್ಮನೆ ನೋಡಿ ಬರಬೇಕಾಗಿತ್ತು. ನೋಡಿದರೆ ಎಲ್ಲರೂ ಒಣ ಹೆಂಟೆಗಳನ್ನು, ಹುಲ್ಲಿನ ಕಂತೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಾರೆ. ಸಂದುಗಳಲ್ಲಿ ನೀರು ಜಿನುಗುತ್ತಿದೆ. ಕೈಲಿ ತಳ್ಳಿದರೆ ಬೀಳುವಂತಿದೆ. ನನಗೆ ತಡೆಯಲಾಗಲಿಲ್ಲ.

"ಏನ್ರೀ ಇದು, ಗುಬ್ಬಚ್ಚಿ ಗೂಡ್ ಕಟ್ಟಿದಂಗೆ ಕಟ್ತಿದೀರಲ್ಲ" ಎಂದೆ.

"ಲಾಗಾಯ್ತಿನಿಂದ ಹಿಂಗೇ ಸಾರ್" ಎಂದರು ಪಟೇಲರು. ಪಟೇಲಿಕೆ ಕಾನೂನಿನಲ್ಲಿ ಹೋಗಿ ವರ್ಷಗಳಾಗಿದ್ದರೂ ಊರಿನಲ್ಲಿ ಅವರ ಹೆಸರು ಅದೇ ಆಗಿತ್ತು. ಅವರ ಮನೆಗೆ ಮಾತ್ರ ಎರಡು ಕಂಡಿ.

ಅಂದು ನಾನು ಪಂಚೆ ಎತ್ತಿಕಟ್ಟಿದವರಿಗೆಲ್ಲ ಪಾಠ ಮಾಡಿದೆ. ಕೆರೆಯ ಅಂಗಳದಿಂದ ಗೋಡುಮಣ್ಣು ತರಿಸಿದೆ. ಅದಕ್ಕೆ ರಾಗಿ ಹುಲ್ಲು ಸೇರಿಸಿ, ನೀರು ಹಾಕಿ, ಇಟ್ಟಿಗೆಗೆ ತುಳಿಯುವ ಹಾಗೆ ತುಳಿಸಿದೆ. ಮೂರು ಪದರವಾಗಿ ತುಂಬಿಸಿ ಒಂದೊಂದು ಪದರವನ್ನೂ ಒನಕೆಯಲ್ಲಿ ಬಡಿಸಿದೆ. ಹೊರಮೈಗೆ ಚಪ್ಪಡಿ ಕಲ್ಲು ಆನಿಸಿದೆ. ಎರಡು ದಿನ ಹಿಡಿಯಿತು. ಕೊನೆಗೆ ಹನ್ನೊಂದು ಕಂಡಿಗಳಲ್ಲಿ ಒಂದು ಹನಿಯೂ ಆಚೆ ಬರಲಿಲ್ಲ. ಊರಿನವರಿಗೆ ಖುಷಿಯೋ ಖುಷಿ. ಪಟೇಲರು ಎಳನೀರು ಕೆತ್ತಿಸಿ ಕೊಟ್ಟರು. ನೀರುಗಂಟಿ ತಾತ ಮಾತ್ರ ಒಂದು ಕಂಡಿಯನ್ನು ಕಾಲಿನಿಂದ ಒದ್ದು ನೋಡಿ, "ಇಷ್ಟ್ ಗಟ್ಟಿ ಬೇಕಾ ಸ್ವಾಮಿ" ಎಂದು ಕೇಳಿದರು.

"ಗಟ್ಟಿ ಇಲ್ದೇ ಇರೋದನ್ನ ಯಾಕೆ ಕಟ್ಬೇಕು ತಾತ" ಎಂದೆ. ಅವರು ಹೆಗಲ ಮೇಲಿನ ಟವಲು ಕೊಡವಿ ಸುಮ್ಮನಾದರು. ಆ ಸುಮ್ಮನಿರುವಿಕೆಯನ್ನು ನಾನು ಮೆಚ್ಚುಗೆ ಎಂದು ತಿಳಿದೆ.

ಇದಾಗಿ ಮೂರು ವಾರಕ್ಕೆ ಮಳೆ ಹಿಡಿಯಿತು. ಚಳಿಗಾಲದ ಮಳೆಯ ರೀತಿಯೇ ಬೇರೆ. ಗುಡುಗು ಮಿಂಚಿನ ಆರ್ಭಟವಿಲ್ಲ. ಮದರಾಸಿನ ಕಡೆ ಸಮುದ್ರದಲ್ಲಿ ವಾಯುಭಾರ ಕುಸಿದಿದೆ ಎಂದು ರೇಡಿಯೋದಲ್ಲಿ ಹೇಳಿದ ಮಾರನೆಯ ದಿನ ಇಲ್ಲಿ ಆಕಾಶ ಬೂದಿ ಬಣ್ಣಕ್ಕೆ ತಿರುಗಿತು, ಸೋನೆ ಶುರುವಾಯಿತು. ಎರಡನೆಯ ದಿನ ಅದೇ ಜಡಿಮಳೆಯಾಯಿತು. ಕೊಯ್ದ ರಾಗಿ ಹೊಲಗಳಲ್ಲಿ ಇನ್ನೂ ಹಾಗೇ ಮಲಗಿತ್ತು. ಇಂಥ ಹೊತ್ತಿನಲ್ಲಿ ಯಾರಿಗೂ ಕೆರೆಯ ನೆನಪಾಗುವುದಿಲ್ಲ. ಮನೆಮಂದಿಯೆಲ್ಲ ಗೋಣಿ ಕೊಪ್ಪೆ ಹಾಕಿಕೊಂಡು ತೆನೆ ಸಾಗಿಸುವುದರಲ್ಲಿರುತ್ತಾರೆ.

ಮೂರನೆಯ ದಿನ ಬೆಳಗ್ಗೆ ಗುಬ್ಬಿ ತಾಲ್ಲೂಕು ಕಚೇರಿಯ ಅಂಗಳಕ್ಕೆ ಹೋದೆ. ಅಲ್ಲಿ ಮಳೆ ಅಳೆಯುವ ಉಪಕರಣವಿತ್ತು. ಅದನ್ನು ನೋಡಿಕೊಳ್ಳುವ ಗುಮಾಸ್ತರು ತಲೆಯ ಮೇಲೆ ಫೈಲು ಹಿಡಿದು ನಿಂತಿದ್ದರು. "ಒಳಗಿನ ಬಾಟ್ಲು ತುಂಬಿ ಹೊರಗಿನ ಡಬ್ಬಕ್ಕೆ ಚೆಲ್ಬಿಟ್ಟಿದೆ ಕಣ್ರೀ, ನನ್ ಸರ್ವೀಸಲ್ಲೇ ಈ ತಿಂಗಳಲ್ಲಿ ಇಂಥದ್ದು ನೋಡಿಲ್ಲ" ಎಂದರು. ನಾನು ಅಳತೆ ಕೇಳುವುದಕ್ಕೂ ನಿಲ್ಲಲಿಲ್ಲ. ಹದಿನಾಲ್ಕು ಕೆರೆಗಳಲ್ಲಿ ಹದಿಮೂರಕ್ಕೆ ಕೋಡಿ ತೆರೆದೇ ಇತ್ತು, ಇಲ್ಲವೆ ಕಿತ್ತುಹೋಗುವಂಥ ಹೆಂಟೆ ತುಂಬಿತ್ತು. ಒಂದಕ್ಕೆ ಮಾತ್ರ ನಾನೇ ನಿಂತು ಬಿರಡೆ ಹಾಕಿಸಿದ್ದೆ. ಮೇಲಿನ ಸಾಹೇಬರಿಗೆ ಚೀಟಿ ಬರೆದಿಟ್ಟು ಬಸ್ಸು ಹಿಡಿದೆ. ಹಳ್ಳ ರಸ್ತೆಗೆ ಬಂದಿದ್ದರಿಂದ ಬಸ್ಸು ಅರ್ಧ ದಾರಿಯಲ್ಲೇ ನಿಂತಿತು. ಉಳಿದ ಮೂರು ಮೈಲಿ ಕೆಸರಿನಲ್ಲಿ ನಡೆದೆ.

ಏರಿ ಹತ್ತಿ ನೋಡಿದೆ. ನೀರು ಏರಿಯ ನೆತ್ತಿಗೆ ಎರಡೂವರೆ ಗೇಣು ಕೆಳಗಿತ್ತು. ಗಾಳಿಗೆ ಏಳುವ ಅಲೆ ಮಣ್ಣನ್ನು ನೆಕ್ಕುತ್ತಿತ್ತು. ಕೋಡಿಯ ಕಡೆ ತಿರುಗಿದರೆ ನನ್ನ ಹನ್ನೊಂದು ಕಂಡಿಗಳು ಗೋಡೆಯ ಹಾಗೆ ನಿಂತಿವೆ. ಅವುಗಳ ಮೇಲಿಂದ ನೀರು ತೆಳ್ಳಗೆ ಜಾರುತ್ತಿದೆ, ಬಾಯಾರಿದವನಿಗೆ ಚಮಚದಲ್ಲಿ ಕೊಟ್ಟ ಹಾಗೆ. ತೂಬನ್ನು ಆಗಲೇ ಪೂರ್ತಿ ಎತ್ತಿದ್ದರೂ ಕೆರೆಗೆ ಬರುತ್ತಿರುವುದು ಹತ್ತು ಪಾಲು, ಹೋಗುತ್ತಿರುವುದು ಒಂದು ಪಾಲು. ಏರಿಯ ಕೆಳಗೆ, ಹಳ್ಳದ ದಂಡೆಯ ಮೇಲೆ, ಮೂವತ್ತು ಮನೆಗಳ ಒಂದು ಹಟ್ಟಿ. ಏರಿ ಒಡೆದರೆ ಮೊದಲು ಹೋಗುವುದು ಅದೇ.

ನೀರುಗಂಟಿ ತಾತ ತೂಬಿನ ಕೆಳಗೆ, ಏರಿಯ ಬುಡದಲ್ಲಿ, ಕುಕ್ಕುರುಗಾಲಿನಲ್ಲಿ ಕೂತಿದ್ದರು. "ಇಲ್ಬನ್ನಿ ಸ್ವಾಮಿ, ಇಲ್ಲೊಂದ್ ಬಾಯಿ ಬುಟ್ಟೈತೆ" ಎಂದು ಕರೆದರು.

ಹೆಬ್ಬೆರಳು ಗಾತ್ರದ ಒರತೆ. ನೀರು ತಿಳಿಯಾಗಿದ್ದರೆ ಭಯವಿಲ್ಲ. ನನ್ನ ಊಟದ ಡಬ್ಬಿಯ ಮುಚ್ಚಳದಲ್ಲಿ ಹಿಡಿದು ನೋಡಿದೆ. ಬಗ್ಗಡ. ಅಂದರೆ ನೀರು ಏರಿಯ ಒಡಲಿನ ಮಣ್ಣನ್ನು ಹೊತ್ತುಕೊಂಡು ಬರುತ್ತಿದೆ, ಒಳಗೆ ಬಿಲ ಕೊರೆಯುತ್ತಿದೆ. ನನ್ನ ಕೈ ತಾನಾಗಿಯೇ ಅದನ್ನು ಮುಚ್ಚಲು ಹೋಯಿತು. ಆದರೆ ಒರತೆಯನ್ನು ಮುಚ್ಚಬಾರದು, ಮುಚ್ಚಿದರೆ ಇನ್ನೊಂದು ಕಡೆ ಇನ್ನೂ ದೊಡ್ಡ ಬಾಯಿ ಬಿಡುತ್ತದೆ. ನೀರು ಬರಲಿ, ಮಣ್ಣು ಬರಬಾರದು. ಅದಕ್ಕೆ ಒರತೆಯ ಸುತ್ತ ಮರಳು ಚೀಲದಿಂದ ಬಳೆಯ ಹಾಗೆ ಕಟ್ಟೆ ಕಟ್ಟಿ, ಒಳಗೆ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಹಾಕಬೇಕು.

ತಾತ ಊರಿಗೆ ಹೋಗಿ ಜನ ಕರೆತಂದರು. ಹೊಲಗಳಿಂದ ಹಾಗೇ ಎದ್ದು ಬಂದ ಮೂವತ್ತು ನಲವತ್ತು ಮಂದಿ. ಹಟ್ಟಿಯವರಿಗೆ ಸಾಮಾನು ಕಟ್ಟಿಕೊಂಡು ಮೇಲಿನ ಸ್ಕೂಲಿಗೆ ಹೋಗಲು ಹೇಳಿ ಕಳಿಸಿದೆವು. ಚೀಲ ಎಲ್ಲಿಂದ ತರುವುದು? ರಾಗಿ ತುಂಬಲು ತೆಗೆದಿಟ್ಟಿದ್ದ ಗೋಣಿಚೀಲಗಳನ್ನೇ ಹೆಂಗಸರು ತಂದು ಹಾಕಿದರು. ಮರಳು ಹಳ್ಳದಲ್ಲಿತ್ತು, ಜಲ್ಲಿ ರಸ್ತೆ ರಿಪೇರಿಗೆಂದು ಸುರಿದದ್ದು ಇತ್ತು. ಕೈಯಿಂದ ಕೈಗೆ ಮಂಕರಿ ದಾಟಿಸಿ ಒಂದೂವರೆ ಗಂಟೆಯಲ್ಲಿ ಮುಗಿಸಿದೆವು. ಮತ್ತೆ ಮುಚ್ಚಳದಲ್ಲಿ ಹಿಡಿದು ನೋಡಿದೆ. ನೀರು ಮೊದಲಿಗಿಂತ ತಿಳಿಯಾಗಿತ್ತು, ಪೂರ್ತಿ ಅಲ್ಲ. ಅಷ್ಟರಲ್ಲಿ ತೂಬಿನ ಕಂಬದ ಮೇಲೆ ನಾನು ಬಂದ ಕೂಡಲೇ ಇದ್ದಿಲಿನಲ್ಲಿ ಎಳೆದಿದ್ದ ಗೆರೆ ನೀರಿನಲ್ಲಿ ಮುಳುಗಿ ಹೋಗಿತ್ತು. ಕೆರೆಯ ನೀರು ಇಳಿಯದೆ ಈ ಒರತೆಯೂ ನಿಲ್ಲುವುದಿಲ್ಲ, ಏರಿಯೂ ಉಳಿಯುವುದಿಲ್ಲ.

"ತಾತ, ಹಿಂದೆ ಇಂಥ ಮಳೆ ಬಂದಾಗ ಏನ್ ಮಾಡ್ತಿದ್ರಿ" ಎಂದು ಕೇಳಿದೆ.

"ಏನೂ ಮಾಡ್ತಿರ್ಲಿಲ್ಲ. ಈಟೊತ್ತಿಗೆ ಹೆಂಟೆ ತಾನೇ ಉದುರ್ಕಂಡ್ ಹೋಗದು. ಒಂದ್ ಕಂಡಿ ಹೋಯ್ತು, ಇನ್ನೊಂದ್ ಹೋಯ್ತು, ಹಂಗೇ ನಿಧಾನಕ್ಕೆ. ಹೋಗ್ಲಿ ಅಂತ್ಲೇ ಹಂಗ್ ಕಟ್ತಿದ್ದುದು."

ಅವರ ಗುಬ್ಬಚ್ಚಿ ಗೂಡಿನಲ್ಲಿ ಇದ್ದ ಬುದ್ಧಿ ನನ್ನ ಡಿಪ್ಲೊಮಾದಲ್ಲಿ ಇರಲಿಲ್ಲ. ಅವರು ಕಟ್ಟುತ್ತಿದ್ದದ್ದು ಬೇಕಾದಾಗ ಬಿದ್ದುಹೋಗುವ ಗೋಡೆ. ಅದನ್ನು ನಾನು ಬೀಳದ ಹಾಗೆ ಮಾಡಿದ್ದೆ. "ಅವತ್ತೇ ಯಾಕೆ ಹೇಳ್ಲಿಲ್ಲ ತಾತ" ಎಂದೆ.

"ನೀವು ಓದ್ಕಂಡಿರೋರು. ಅದ್ಕೂ ಏನಾದ್ರೂ ಲೆಕ್ಕ ಇಟ್ಕಂಡಿರ್ತೀರ ಅನ್ಕಂಡೆ."

ಈಗ ಕಂಡಿಗಳನ್ನು ಒಡೆಯಬೇಕು. ನಾನು ಏರಿಯ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಯಾರೂ ಜಾಗ ಬಿಟ್ಟು ಕದಲಲಿಲ್ಲ. ಗುದ್ದಲಿ ಹಾರೆ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊಂಡುತನವಲ್ಲ ಅದು. ಕೈಯಾರೆ ತೆಗೆದರೆ ನೀರು ಬಿಟ್ಟುಕೊಟ್ಟ ಹಾಗೆ ಎಂಬ ಕಟ್ಟಳೆ ಅವರ ತಲೆಯಲ್ಲಿತ್ತು. ಹೆಂಟೆ ತುಂಬುತ್ತಿದ್ದ ಕಾಲದಲ್ಲಿ ಕೈಯಾರೆ ತೆಗೆಯುವ ಪ್ರಸಂಗವೇ ಬರುತ್ತಿರಲಿಲ್ಲ. ನನ್ನ ದೆಸೆಯಿಂದ ಮೊದಲ ಸಲ ಬಂದಿತ್ತು.

"ಪಟೇಲ್ರು ಮೊದ್ಲು ತೆಗೀಲಿ, ಆಮೇಲೆ ನಾವ್ ತೆಗೀತೀವಿ" ಎಂದ ಒಬ್ಬ.

"ಯಾಕ್ಲಾ, ನಂದೇ ಮೊದ್ಲು ಯಾಕ್ಲಾ" ಎಂದರು ಪಟೇಲರು. "ನಾಳಿಕ್ಕೆ ಬೇಸ್ಗೇಲಿ ನೀವೆಲ್ಲ ಸೇರ್ಕಂಡು ನಂಗೆ ನೀರಿಲ್ಲ ಅಂದ್ರೆ? ಐನೂರು ಸಸಿ ಮಡಗಿವ್ನಿ."

"ನಡುವಿನ ಕಂಡಿಯೋರು ಊರಲ್ಲೇ ಇಲ್ವಲ್ಲ ಸಾರ್. ಹೆಣ್ ನೋಡಕ್ಕೆ ಅಂತ ಕುಣಿಗಲ್ಗೆ ಹೋಗವ್ರೆ. ಅವ್ರದ್ದನ್ನ ಯಾರು ಮುಟ್ಟದು" ಎಂದ ಇನ್ನೊಬ್ಬ.

ಏರಿ ಒಡೆದರೆ ಬೇಸಿಗೆಗೆ ನೀರಿರಲಿ, ಕೆರೆಯೇ ಇರುವುದಿಲ್ಲ ಎಂದು ಕೂಗಾಡಿದೆ. ಅದು ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ಮೊದಲ ಏಟು ಹಾಕುವವರು ಯಾರೂ ಇರಲಿಲ್ಲ. ಗಡಿಯಾರ ನೋಡಿಕೊಂಡೆ, ಮಧ್ಯಾಹ್ನ ಹನ್ನೆರಡೂಕಾಲು. ಪೊಲೀಸರನ್ನು ಕರೆಸೋಣವೆಂದರೆ ಗುಬ್ಬಿಯಿಂದ ಬರಲು ದಾರಿಯಿಲ್ಲ. ಸಾಹೇಬರ ಆರ್ಡರ್ ಕಾಯೋಣವೆಂದರೆ ನೀರು ಕಾಯುವುದಿಲ್ಲ.

ಆಗ ನನಗೆ ಹೊಳೆದದ್ದು ದೊಡ್ಡ ಉಪಾಯವೇನಲ್ಲ. ಅವರ ಕಟ್ಟಳೆಯಲ್ಲೇ ಅದಕ್ಕೆ ದಾರಿ ಇತ್ತು. ನೀರೇ ಕಿತ್ತುಕೊಂಡು ಹೋದರೆ ಯಾರ ಹಕ್ಕೂ ಹೋಗುವುದಿಲ್ಲ. ಹಾಗಾದರೆ ಸರ್ಕಾರ ಕಿತ್ತರೆ? "ಒಂದೊಂದು ಕಂಡಿಗೂ ಮೊದಲನೇ ಏಟು ನಾನು ಹಾಕ್ತೀನಿ" ಎಂದೆ. "ಕಿತ್ತಿದ್ದು ಸರ್ಕಾರ ಅಂತ ಹನ್ನೊಂದಕ್ಕೂ ಬರೆದು ಸೈನ್ ಮಾಡಿ ಕೊಡ್ತೀನಿ. ನೀವ್ಯಾರೂ ಬಿಟ್ಟುಕೊಟ್ಟ ಹಾಗಾಗಲ್ಲ. ತಾತ, ನೀರಿನ ಸರದಿ ನೋಡೋರು ನೀವು. ನೀವೇ ಹೇಳಿ, ಇದು ಆಗುತ್ತಾ?"

ತಾತ ಕೋಡಿಯ ಕಡೆ ಒಮ್ಮೆ ನೋಡಿದರು. "ಮಳೆ ಕಿತ್ತಂಗೇ ಲೆಕ್ಕ" ಎಂದರು. ಪಟೇಲರು ತಲೆಯಾಡಿಸಿದರು. ಅಲ್ಲಿಗೆ ಅದು ಊರಿನ ತೀರ್ಮಾನವಾಯಿತು.

ನಾನು ಹಾರೆ ತೆಗೆದುಕೊಂಡು ನಡುವಿನ ಕಂಡಿಯ ಕಡೆ ಹೊರಟೆ. ತಾತ ನನ್ನ ತೋಳು ಹಿಡಿದು ನಿಲ್ಲಿಸಿದರು. ಅದುವರೆಗೆ ಅವರು ನನ್ನನ್ನು ಮುಟ್ಟಿದ್ದೇ ಇಲ್ಲ. "ಅಲ್ಲಿ ಬ್ಯಾಡಿ. ಅಲ್ಲಿಂದ ನೆಟ್ಟಗೆ ಹಳ್ಳಕ್ಕೆ ಬಿದ್ದು ಹಟ್ಟಿಗೇ ನುಗ್ತದೆ. ಏರಿ ಕಡೆ ಕಂಡೀನೂ ಬ್ಯಾಡಿ, ಏರಿ ಬುಡವೇ ಕೊಚ್ಚೋಯ್ತದೆ. ಆಚೆ ತುದಿಯಿಂದ ಶುರು ಮಾಡಿ. ಅಲ್ಲಿ ಕೆಳಗೆ ಬಯಲೈತೆ, ನೀರು ಹರಡ್ಕಂಡು ಮೆತ್ತಗೆ ಹೋಯ್ತದೆ."

ಹೋಗಿ ಇಣುಕಿ ನೋಡಿದೆ. ಅವರು ಹೇಳಿದ್ದು ಸರಿ. ಆಚೆ ತುದಿಯ ಕೆಳಗೆ ಒಂದು ಸಮತಟ್ಟಾದ ಹೊಲವಿತ್ತು. ನೀರು ಅಲ್ಲಿ ಹರಡಿ, ವೇಗ ಕಳೆದುಕೊಂಡು, ಸುತ್ತು ಬಳಸಿ ಹಳ್ಳ ಸೇರುತ್ತಿತ್ತು. ಹೊಲದ ರಾಗಿ ಕೊಯ್ಲಾಗಿ ಒಂದು ಮೂಲೆಯಲ್ಲಿ ಮೆದೆ ಹಾಕಿತ್ತು. ಹನ್ನೊಂದು ಕಂಡಿಗಳಿಗೆ ಒಂದೊಂದಾಗಿ ಯಜಮಾನರನ್ನು ಹುಡುಕಿದ ನಾನು ಆ ಹೊಲ ಯಾರದೆಂದು ಕೇಳಲಿಲ್ಲ.

ತುದಿಯ ಕಂಡಿಗೆ ಹಾರೆ ಎತ್ತಿ ಹಾಕಿದೆ. ಅದು ಠಣ್ಣೆಂದು ನೆಗೆಯಿತು, ಮೊಣಕೈವರೆಗೆ ಜುಮ್ಮೆಂದಿತು. ನಾನೇ ತುಳಿಸಿದ್ದ ಮಣ್ಣು, ನಾನೇ ಬಡಿಸಿದ್ದ ಪದರ. ಎಷ್ಟು ಚೆನ್ನಾಗಿ ಕೆಲಸ ಮಾಡಿಸಿದ್ದೆ ಎಂಬುದು ಒಂದೊಂದು ಏಟಿಗೂ ಗೊತ್ತಾಗುತ್ತಿತ್ತು. ಚಪ್ಪಡಿ ಕಳಚಲು ಆರು ಮಂದಿ ಬೇಕಾದರು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಹಗ್ಗದ ಇನ್ನೊಂದು ತುದಿಯನ್ನು ದಡದವರು ಹಿಡಿದು, ಇಬ್ಬರಿಬ್ಬರಾಗಿ ಇಳಿದು ಅಗೆದೆವು. ಮೊದಲ ಕಂಡಿ ಬಿಡಲು ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಒಂದು ಹೆಂಟೆ ಅಲ್ಲಾಡಿತು, ಅದರ ಹಿಂದೆ ನೀರು ಕೆಂಪಗೆ ನುಗ್ಗಿತು. ನುಗ್ಗಿದ ನೀರು ಕೆಳಗಿನ ಹೊಲದ ಮೇಲೆ ಹರಡಿಕೊಂಡಿತು. ಪಕ್ಕದ ಕಂಡಿಗೆ ಹೋದೆವು.

ಹಟ್ಟಿಯ ಮೇಲೆ ಒಮ್ಮೆಲೇ ನೀರು ಬೀಳದಂತೆ ಒಂದು ಕಂಡಿ ಬಿಟ್ಟ ಮೇಲೆ ಸ್ವಲ್ಪ ಕಾದು ಇನ್ನೊಂದಕ್ಕೆ ಕೈ ಹಾಕುತ್ತಿದ್ದೆವು. ಹಳ್ಳದ ದಂಡೆಯಲ್ಲಿ ಒಬ್ಬನನ್ನು ನಿಲ್ಲಿಸಿದ್ದೆ, ನೀರು ಮೊದಲನೆ ಮನೆಯ ಜಗುಲಿ ಮುಟ್ಟಿದರೆ ಟವಲು ಬೀಸಬೇಕು ಎಂದು. ತೂಬಿನ ಕಂಬಕ್ಕೆ ಕಾಲು ಗಂಟೆಗೊಮ್ಮೆ ಗೆರೆ ಎಳೆಯುತ್ತಿದ್ದೆ. ಮೂರನೆಯ ಕಂಡಿ ಬಿಟ್ಟಾಗಲೂ ನೀರು ಏರುತ್ತಲೇ ಇತ್ತು, ಏರಿಯ ನೆತ್ತಿಗೆ ಒಂದೇ ಗೇಣು. ಒಂದೆರಡು ಕಡೆ ಅಲೆ ದಾಟಿ ಈಚೆ ಬದಿಗೆ ಚೆಲ್ಲಿತು. ಅಲ್ಲಿ ಹೆಂಗಸರು ಚೀಲದ ಮೇಲೆ ಚೀಲ ಇಟ್ಟು ತಾವೇ ಅದರ ಮೇಲೆ ಕೂತುಬಿಟ್ಟರು. ಐದನೆಯ ಕಂಡಿಗೆ ನೀರು ನಿಂತಿತು. ಏಳನೆಯದಕ್ಕೆ ಹಳೆಯ ಗೆರೆ ಒದ್ದೆಯಾಗಿ ಹೊರಗೆ ಕಂಡಿತು. ನಾನು ಕಂಬ ಹಿಡಿದುಕೊಂಡು ಅತ್ತೆ. ಮಳೆಯಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡಿದ್ದೇನೆ. ಕುಣಿಗಲ್‌ಗೆ ಹೋದವರ ಕಂಡಿಯನ್ನು ನಾನೊಬ್ಬನೇ ಪೂರ್ತಿ ಅಗೆದೆ, ಊರಿನವರು ಯಾರೂ ಅದನ್ನು ಮುಟ್ಟುವಂತಿರಲಿಲ್ಲವಲ್ಲ. ಅಂಗೈಯಲ್ಲಿ ಚರ್ಮ ಉಳಿಯಲಿಲ್ಲ. ಹೊತ್ತು ಮುಳುಗುವ ಮುಂಚೆ ಹನ್ನೊಂದೂ ತೆರೆದಿದ್ದವು, ಒರತೆಯಲ್ಲಿ ಬರುತ್ತಿದ್ದ ನೀರು ಕುಡಿಯುವಷ್ಟು ತಿಳಿಯಾಗಿತ್ತು. ಹಟ್ಟಿಯಲ್ಲಿ ಒಂದು ಜಗುಲಿಯೂ ನೆನೆಯಲಿಲ್ಲ.

ಎರಡು ದಿನ ಬಿಟ್ಟು ಮೇಲಿನ ಸಾಹೇಬರು ಜೀಪಿನಲ್ಲಿ ಬಂದರು. ಕೋಡಿ ನೋಡಿ, "ಆ ತುದಿಯಿಂದ ತೆಗೆಸಿದ್ದು ಒಳ್ಳೆ ಕೆಲಸ ಆಯ್ತು ಕಣಯ್ಯ" ಎಂದರು. ನಾನು ಸುಮ್ಮನೆ ನಿಂತಿದ್ದೆ. ಕಂಡಿಗಳನ್ನು ಅಷ್ಟು ಗಟ್ಟಿ ಮಾಡಿದ್ದು ಯಾರು ಎಂದು ಕೇಳಿದಾಗ ಮಾತ್ರ ಸುಮ್ಮನಿರಲಿಲ್ಲ, ನಾನೇ ಎಂದೆ. ಅವರು ಒಳ್ಳೆಯ ಮನುಷ್ಯರು. "ಅದನ್ನ ಬರೀಬೇಡ, ವಿಪರೀತ ಮಳೆ ಅಂತ ಬರಿ ಸಾಕು" ಎಂದು ಸಲಹೆ ಕೊಟ್ಟರು. ನಾನು ಕೇಳಲಿಲ್ಲ. ಗುಬ್ಬಿಗೆ ಬಂದು ಬ್ಯಾಂಡೇಜು ಸುತ್ತಿದ ಕೈಯಲ್ಲೇ ಮೂರು ಪುಟದ ವರದಿ ಬರೆದೆ. ನಿಯಮಕ್ಕೆ ವಿರುದ್ಧವಾಗಿ ಕಂಡಿ ತುಂಬಲು ನಾನೇ ಒಪ್ಪಿದ್ದನ್ನು, ಗಟ್ಟಿ ಮಾಡಿಸಿದ್ದನ್ನು, ಮುಚ್ಚುಮರೆಯಿಲ್ಲದೆ ಬರೆದೆ. ಕೊನೆಯಲ್ಲಿ, ಸಕಾಲದಲ್ಲಿ ಕೈಗೊಂಡ ಕ್ರಮದಿಂದ ಯಾರ ಪ್ರಾಣಕ್ಕೂ ಆಸ್ತಿಗೂ ನಷ್ಟವಾಗಿರುವುದಿಲ್ಲ ಎಂದು ಮುಗಿಸಿದೆ. ಅಂಥ ವರದಿಗಳು ಹಾಗೆಯೇ ಮುಗಿಯುತ್ತವೆ. ತಿಂಗಳೊಳಗೆ ನನಗೆ ಎಚ್ಚರಿಕೆಯ ಮೆಮೊ ಬಂತು, ಸರ್ವೀಸ್ ರಿಜಿಸ್ಟರಿನಲ್ಲೂ ದಾಖಲಾಯಿತು. ನನಗೆ ಬೇಸರವಾಗಲಿಲ್ಲ. ಮಾಡಿದ ತಪ್ಪಿಗೆ ದಂಡ ತೆತ್ತೆ ಎಂದು ಒಳಗೊಳಗೇ ಹೆಮ್ಮೆಯೇ ಇತ್ತು.

ಶಿವರಾತ್ರಿ ಕಳೆದ ಮೇಲೆ ಬೇಸಿಗೆಯ ನೀರು ಬಿಡುವುದನ್ನು ನೋಡಲು ಮತ್ತೆ ಆ ಊರಿಗೆ ಹೋದೆ. ತೂಬಿನ ಹತ್ತಿರ ತಾತ ಇರಲಿಲ್ಲ. ಕೋಡಿಯ ಕಡೆ ಅವ್ರೆ ಎಂದರು ಊರಿನವರು. ಹೋಗಿ ನೋಡಿದರೆ ಆಚೆ ತುದಿಯ ಕೆಳಗಿನ ಬಯಲಿನಲ್ಲಿ ಅವರೂ ಅವರ ಹೆಂಡತಿಯೂ ಮಂಕರಿಯಲ್ಲಿ ಮರಳು ಹೊತ್ತು ಬದುವಿನಾಚೆ ಸುರಿಯುತ್ತಿದ್ದರು. ಹೊಲದಲ್ಲಿ ಹೊಲವೇ ಇರಲಿಲ್ಲ. ಒಂದು ಕಡೆ ಬರೀ ಮರಳು, ಇನ್ನೊಂದು ಕಡೆ ಮೇಲ್ಮಣ್ಣು ಕೊಚ್ಚಿ ಹೋಗಿ ಕಾಣುತ್ತಿದ್ದ ಗೊರಚು ನೆಲ. ರಾಗಿ ಮೆದೆಯಿದ್ದ ಮೂಲೆಯಲ್ಲಿ ಏನೂ ಇರಲಿಲ್ಲ. ಕೆರೆ ಕಾಯುವುದಕ್ಕೆಂದು ಅವರ ತಾತನ ಕಾಲದಲ್ಲಿ ಕೊಟ್ಟಿದ್ದ ಹೊಲ ಅದು, ಅವರಿಗಿದ್ದ ಹೊಲ ಅದೊಂದೇ.

ನಾನು ಬದು ದಾಟಿ ಅವರ ಹತ್ತಿರ ಹೋದೆ. "ನಿಮ್ಮದೂಂತ ಅವತ್ತು ಯಾಕೆ ಹೇಳ್ಲಿಲ್ಲ ತಾತ?"

ಅವರು ಮಂಕರಿ ಕೆಳಗಿಟ್ಟರು. "ಬೇರೇರ್ದಾಗಿದ್ರೆ ಕೇಳ್ಬೇಕಾಗಿತ್ತು ಸ್ವಾಮಿ. ಕೇಳಕ್ಕೆ ಅವತ್ತು ಹೊತ್ತೆಲ್ಲಿತ್ತು."

"ತಾಲ್ಲೂಕ್ ಆಫೀಸಿಗೆ ಅರ್ಜಿ ಕೊಟ್ರಾ?"

ಇದಕ್ಕೆ ಉತ್ತರ ಕೊಟ್ಟವರು ಅವರ ಹೆಂಡತಿ. "ಎರಡ್ ಸಲ ಹೋಗಿದ್ರು ಕಣಪ್ಪ. ಇಂಜಿನಿಯರ್ರು ಯಾರ್ಗೂ ನಷ್ಟ ಆಗಿಲ್ಲ ಅಂತ ಬರ್ದವ್ರೆ, ನಿನ್ ಹೊಲ ಹೆಂಗ್ ಹೋಯ್ತು ಅಂತ ಕೇಳಿ ಕಳಿಸ್ಬುಟ್ರು."

ಆ ಮೂರು ಪುಟಗಳಲ್ಲಿ ನಾನು ನೋಡದೆ ಬರೆದದ್ದು ಒಂದೇ ಸಾಲು. ಏರಿ ನೋಡಿದ್ದೆ, ತೂಬು ನೋಡಿದ್ದೆ, ಹಟ್ಟಿಯ ಜಗುಲಿಗಳನ್ನು ಎಣಿಸಿದ್ದೆ. ಕೋಡಿಯಿಂದ ಐವತ್ತು ಹೆಜ್ಜೆ ಇಳಿದಿರಲಿಲ್ಲ. ಮತ್ತೆ ಬರೆಯುತ್ತೇನೆ ಎಂದು ತಾತನಿಗೆ ಹೇಳಿದೆ. "ಬರೀರಿ, ಆದ್ರೆ ನೋಡ್ಕಂಡು ಬರೀರಿ" ಎಂದರು. ಅದರಲ್ಲಿ ಕೋಪವೇನೂ ಇರಲಿಲ್ಲ. ಚೀಲದಿಂದ ಟೇಪು ತೆಗೆದು ಒಂದು ತುದಿಯನ್ನು ಅವರ ಕೈಗೆ ಕೊಟ್ಟೆ. ಉದ್ದ, ಅಗಲ, ಆರು ಕಡೆ ಮರಳಿನ ಆಳ, ಕೊಚ್ಚಿದ ಮಣ್ಣಿನ ಆಳ, ಮೆದೆಯಿದ್ದ ಜಾಗ, ಎಲ್ಲವನ್ನೂ ಅಳೆದು ಬರೆದುಕೊಂಡೆ. ಕಂಡಿ ತೆಗೆಯುವಾಗ ಆಚೆ ತುದಿಯಿಂದ ಶುರು ಮಾಡಬೇಕೆಂದು 'ನೀರುಗಂಟಿಯವರು ಸೂಚಿಸಿದರು' ಎಂಬುದನ್ನೂ ಸೇರಿಸಿದೆ.

ಆ ಪತ್ರಕ್ಕೆ ಉತ್ತರ ಬರುವಷ್ಟರಲ್ಲಿ ಮುಂಗಾರು ಶುರುವಾಗಿತ್ತು. ಈ ಪ್ರಕರಣದ ಕಡತ ಈಗಾಗಲೇ ಮುಕ್ತಾಯವಾಗಿದೆ ಎಂಬ ಒಂದು ಸಾಲಿನ ಷರಾ ಹಾಕಿ ನನ್ನ ಪತ್ರವನ್ನೇ ವಾಪಸು ಕಳಿಸಿದ್ದರು. ಅಂಚೆಯಲ್ಲಿ ತಿಳಿಸುವ ವಿಷಯವಲ್ಲ ಅದು. ಬಸ್ಸು ಹಿಡಿದು ಹೋದೆ. ತಾತ ತೂಬಿನ ಮೆಟ್ಟಿಲ ಮೇಲೆ ಕೂತಿದ್ದರು. ಏನೂ ಆಗಲಿಲ್ಲ ಎಂದು ಹೇಳಿದೆ. ಅವರು ಕಾಗದದ ಕಡೆ ಕೈ ತೋರಿಸಿ, "ಏನ್ ಬರ್ದಿದ್ರಿ, ಓದಿ" ಎಂದರು.

ಓದಿದೆ. ಅಳತೆಗಳು ಬಂದಾಗ ಕೈ ಎತ್ತಿ ನಿಲ್ಲಿಸಿ, ಆ ಭಾಗವನ್ನು ಇನ್ನೊಂದು ಸಲ ಓದಿಸಿದರು. ಕಣ್ಣು ಮುಚ್ಚಿಕೊಂಡು ಕೇಳಿದರು. ಉದ್ದ ಇಷ್ಟು, ಅಗಲ ಇಷ್ಟು, ಮರಳಿನ ಆಳ ಇಷ್ಟು, ನೀರುಗಂಟಿಯವರಿಗೆ ಸೇರಿದ ಹೊಲ ಪೂರ್ತಿ ನಷ್ಟವಾಗಿರುತ್ತದೆ.

"ಸರಿಯಾಗೈತೆ ಸ್ವಾಮಿ" ಎಂದರು. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಿಸಿ, ಒಳಜೇಬಿನಲ್ಲಿ ಇಟ್ಟುಕೊಂಡರು.